ಎಂಟು ತಿಂಗಳ ಮಗಳ ಜೊತೆ ಚಿಕ್ಕಮಗಳೂರಲ್ಲಿ ಐದು ದಿನ

ಹೋಮ್‌ಸ್ಟೇಗೆ ಫೋನ್ ಮಾಡಿದಾಗ ನಾನು ಕೇಳಿದ್ದು ಮೂರೇ ಮಾತು. ಹೊತ್ತು ಹೊತ್ತಿಗೆ ಬಿಸಿನೀರು ಸಿಗುತ್ತಾ? ನಿಮ್ಮ ಅಡುಗೆಮನೆಯಲ್ಲಿ ರಾಗಿ ಸರಿ ಕಾಯಿಸಿಕೊಳ್ಳಬಹುದಾ? ಮಕ್ಕಳ ಡಾಕ್ಟರ್ ಎಷ್ಟು ದೂರ? ಮೂರಕ್ಕೂ ಸರಿಯಾದ ಉತ್ತರ ಬಂದ ಮೇಲೆಯೇ ದುಡ್ಡು ಕಳಿಸಿದೆವು. ಅದು ಮೇ ತಿಂಗಳು. ಬೆಂಗಳೂರಿನ ಸೆಕೆಗೆ ಮಗಳ ಕತ್ತಿನ ತುಂಬಾ ಬೆವರುಸಾಲೆ ಎದ್ದಿತ್ತು.

ಬೆಳಗಿನ ಜಾವ ನಾಲ್ಕೂವರೆಗೆ, ಅವಳು ನಿದ್ದೆಯಲ್ಲಿರುವಾಗಲೇ ಹೊರಟೆವು. ಕಾರ್ ಸೀಟು ಹಿಂದಕ್ಕೆ ಮುಖ ಮಾಡಿತ್ತು. ಬಿಸಿಲು ಬೀಳುವ ಕಿಟಕಿಗೆ ಅತ್ತೆ ಒಂದು ತೆಳು ಪಂಚೆ ಕಟ್ಟಿದರು. ಹಾಲು ಕುಡಿಸಬೇಕು ಅಂದರೆ ಗಾಡಿ ನಿಲ್ಲಿಸಲೇಬೇಕು, ಓಡುವ ಕಾರಿನಲ್ಲಿ ಮಗುವನ್ನು ಸೀಟಿನಿಂದ ಎತ್ತಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಬೆಳ್ಳೂರು ಕ್ರಾಸ್, ಹಾಸನ, ಬೇಲೂರು ಅಂತ ನಿಂತು ನಿಂತು ಹೋದೆವು. ಐದು ಗಂಟೆಯ ದಾರಿಗೆ ಏಳೂವರೆ ಗಂಟೆ ಹಿಡಿಯಿತು. ಆದರೆ ಅವಳು ಒಮ್ಮೆಯೂ ರಚ್ಚೆ ಹಿಡಿಯಲಿಲ್ಲ.

ತಪ್ಪು ಮಾಡಿದ್ದು ಎರಡನೇ ದಿನ. ಇಷ್ಟು ದೂರ ಬಂದು ಮುಳ್ಳಯ್ಯನಗಿರಿ ನೋಡದೆ ಹೋಗೋದಾ ಅನ್ನಿಸಿತು. ಹೊಟ್ಟೆ ತುಂಬಾ ಸರಿ ತಿನ್ನಿಸಿ ತಕ್ಷಣ ಹೊರಟೆವು. ಕೈಮರ ದಾಟಿ ತಿರುವುಗಳು ಶುರುವಾದದ್ದೇ ತಡ, ತಿಂದದ್ದೆಲ್ಲ ವಾಂತಿ ಮಾಡಿಕೊಂಡಳು. ಅವತ್ತು ಭಾನುವಾರ ಬೇರೆ, ಗಾಡಿಗಳ ಸಾಲು ಮುಂದಕ್ಕೆ ಹೋಗುತ್ತಿಲ್ಲ. ಮೆಟ್ಟಿಲ ಬುಡದಲ್ಲಿ ಇಳಿದರೆ ಎಂಥ ಗಾಳಿ! 1,930 ಮೀಟರ್ ಎತ್ತರದ ಬೆಟ್ಟ, ಮೇ ತಿಂಗಳಾದರೂ ಮೈ ನಡುಗುತ್ತೆ. ಗಾಳಿ ಮುಖಕ್ಕೆ ಬಡಿದಾಗ ಅವಳಿಗೆ ಒಂದು ಕ್ಷಣ ಉಸಿರು ಕಟ್ಟಿದಂತಾಯಿತು. ಬಾಯಿ ತೆರೆದಳು, ಸದ್ದೇ ಇಲ್ಲ. ಆಮೇಲೆ ಜೋರಾಗಿ ಅತ್ತಳು. ಅವಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಾರಿಗೆ ವಾಪಸ್ ಬಂದೆ. ಮೇಲೆ ಯಾರೂ ಹತ್ತಲಿಲ್ಲ. ಇಳಿಯುವಾಗ ಕಿವಿ ಹಿಡಿದುಕೊಂಡು ಮತ್ತೆ ಅತ್ತಳು. ಪಕ್ಕಕ್ಕೆ ನಿಲ್ಲಿಸಿ ಹಾಲು ಕುಡಿಸಿದೆ. ನುಂಗುವಾಗ ಕಿವಿಯ ಒತ್ತಡ ಬಿಡುತ್ತೆ ಅಲ್ವಾ, ಎರಡು ನಿಮಿಷದಲ್ಲಿ ಸುಮ್ಮನಾದಳು.

ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆವು: ಇನ್ನು ಎಲ್ಲಿಗೂ ಹೋಗೋದಿಲ್ಲ. ಉಳಿದ ಮೂರು ದಿನ ತೋಟದ ಮನೆಯ ಜಗುಲಿಯಲ್ಲೇ ಕಳೆದೆವು. ನನಗೆ ಅತ್ಯಂತ ಇಷ್ಟವಾದದ್ದು ಆ ಮೂರು ದಿನವೇ. ಅವಳಿಗೆ ನಿದ್ದೆ ಬಂದಾಗ ನಮಗೆ ಊಟ. ಅವಳು ಎದ್ದರೆ ಕಾಫಿ ಗಿಡಗಳ ನಡುವೆ ಎತ್ತಿಕೊಂಡು ಒಂದು ಸುತ್ತು. ಸಂಜೆ ಮಳೆ ಬಂದ ಮೇಲೆ ಇಂಬಳ ಹತ್ತುತ್ತವೆ, ಅದಕ್ಕೆ ಅವಳನ್ನು ಹುಲ್ಲಿನ ಮೇಲೆ ಬಿಡಲೇ ಇಲ್ಲ. ಜಗುಲಿಯಲ್ಲಿ ಚಾಪೆ, ಮಲಗುವಾಗ ಸೊಳ್ಳೆ ಪರದೆ.

ಬಟ್ಟೆ ಮಾತ್ರ ದೊಡ್ಡ ತಲೆನೋವಾಯಿತು. ಮಲೆನಾಡಿನ ತೇವಕ್ಕೆ ಲಂಗೋಟಿ ಎರಡು ದಿನವಾದರೂ ಒಣಗಲಿಲ್ಲ. ಮನೆಯ ಅಮ್ಮ ನೋಡಿ, "ಇಲ್ಲಿ ಕೊಡು ಮಗಾ" ಅಂತ ಬಚ್ಚಲುಮನೆಯ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರು. ಬೆಳಿಗ್ಗೆಗೆ ಗರಿಗರಿ ಒಣಗಿದ್ದವು, ಕಟ್ಟಿಗೆ ಹೊಗೆಯ ವಾಸನೆ ಬೇರೆ. ಮುಂದಿನ ಸಲ ನೀವು ಹೋಗುವುದಾದರೆ ಲೆಕ್ಕಕ್ಕಿಂತ ಒಂದು ಡಜನ್ ಜಾಸ್ತಿಯೇ ಇಟ್ಟುಕೊಳ್ಳಿ. ಕುಲಾವಿ ಎರಡಾದರೂ ಇರಲಿ. ಜ್ವರದ ಔಷಧಿಯನ್ನು ಮಗುವಿನ ತೂಕಕ್ಕೆ ಎಷ್ಟು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗಿ.

ಕೊನೆಯ ದಿನ ಬೆಳಗಾಗುವ ಮುಂಚೆ ಹೊರಗೆ ಯಾವುದೋ ಹಕ್ಕಿ ಸಿಳ್ಳೆ ಹಾಕುತ್ತಿತ್ತು, ಥೇಟ್ ಮನುಷ್ಯರ ಹಾಗೆ. ಮಗಳು ಎದೆಯಿಂದ ಬಾಯಿ ಬಿಟ್ಟು ಕಿಟಕಿ ಕಡೆ ತಿರುಗಿದಳು. ಸಿಳ್ಳೆ ನಿಂತಿತು. ಅವಳು "ಊ" ಅಂದಳು. ಮತ್ತೆ ಶುರುವಾಯಿತು. ಪಕ್ಕದ ಕೋಣೆಯಿಂದ ಅತ್ತೆ ಎದ್ದು ಬಂದು ಬಾಗಿಲಲ್ಲೇ ನಿಂತುಬಿಟ್ಟರು.