ಅಜ್ಜಿಯ ಐದು ಸಾಲಿನ ಬ್ರೆಡ್ ಪುಡಿಂಗ್, ನಾನು ಕೆಡಿಸಿದ ಮೂರು ಡಬ್ಬಿ

ನಮ್ಮಜ್ಜಿಯ ನೋಟ್‌ಬುಕ್ಕಿನಲ್ಲಿ ಬ್ರೆಡ್ ಪುಡಿಂಗ್ ಬಗ್ಗೆ ಇರುವುದು ಐದೇ ಸಾಲು. ಬ್ರೆಡ್ 6 ಪೀಸು. ಹಾಲು 2 ಪಾವು. ಮೊಟ್ಟೆ 3. ಸಕ್ಕರೆ ಬೇಕಾದಷ್ಟು. ಹಬೆಯಲ್ಲಿ ಬೇಯಿಸುವುದು. ಅಷ್ಟೇ! ಎಷ್ಟು ಹೊತ್ತು, ಎಂಥ ಉರಿ, ಬ್ರೆಡ್ಡಿನ ಅಂಚು ತೆಗೆಯಬೇಕಾ ಬೇಡವಾ, ಒಂದೂ ಇಲ್ಲ. ಅದೇ ನೋಟ್‌ಬುಕ್ಕಿನಲ್ಲಿ ಸಾರಿನ ಪುಡಿಗೆ ಒಂದಿಡೀ ಪುಟ ಕೊಟ್ಟಿದ್ದಾರೆ. ಆ ಪುಟ ಯಾರಿಗೂ ಬೇಕಾಗಲಿಲ್ಲ, ಮನೆಯಲ್ಲಿ ಎಲ್ಲರಿಗೂ ಅದು ಬರುತ್ತಿತ್ತು.

ಅಜ್ಜಿ ಇದನ್ನು ಕಲಿತದ್ದು ಕೆಜಿಎಫ್‌ನಲ್ಲಿ. ತಾತ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು, ಅಜ್ಜಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಊರಿಗಾಂ ಕಡೆಯ ಬಂಗಲೆಯಿಂದ ಒಬ್ಬ ಆಂಗ್ಲೋ ಇಂಡಿಯನ್ ಹೆಂಗಸು ಫ್ರಾಕ್ ಹೊಲಿಸಲು ಬರುತ್ತಿದ್ದರಂತೆ. ಒಂದು ಕ್ರಿಸ್‌ಮಸ್‌ಗೆ ಅವರು ತಂದುಕೊಟ್ಟ ಪುಡಿಂಗ್ ತಿಂದು ಅಜ್ಜಿ ಹಿಂದೆ ಬಿದ್ದು ಕೇಳಿ ಕಲಿತರು. ಇಂಗ್ಲಿಷರ ಮನೆಗಳಲ್ಲಿ ಉಳಿದ ಬ್ರೆಡ್ಡು ದಂಡವಾಗದಿರಲಿ ಅಂತ ಮಾಡುತ್ತಿದ್ದ ತಿಂಡಿ ಇದು, ನಾವು ಮಿಕ್ಕ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ಹಾಗೆ. ಅವರು ಓವನ್ನಿನಲ್ಲಿ ಮಾಡುತ್ತಿದ್ದರು. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದ ಊರು ಕೆಜಿಎಫ್, ನಿಜ, ಆದರೆ ಅದು ಬಂದದ್ದು ಗಣಿಗೆ. ಅಜ್ಜಿಯ ಲೈನ್ ಮನೆಗೆ ಓವನ್ ಎಲ್ಲಿಂದ ಬರಬೇಕು? ಅವರ ಹತ್ತಿರ ಇದ್ದದ್ದು ಇಡ್ಲಿ ಪಾತ್ರೆ. ಅದರಲ್ಲೇ ಬೇಯಿಸಿದರು. ಹಾಗಾಗಿ ನಮ್ಮ ಮನೆಯಲ್ಲಿ ಬ್ರೆಡ್ ಪುಡಿಂಗ್ ಅಂದರೆ ಮೇಲೆ ಕೆಂಪಗೆ ಗರಿಗರಿಯಾಗಿರುವುದಲ್ಲ, ಡಬ್ಬಿಯಿಂದ ತಟ್ಟೆಗೆ ಮಗುಚಿದಾಗ ಮೆತ್ತಗೆ ಅಲ್ಲಾಡುತ್ತಾ, ತಲೆಯ ಮೇಲಿಂದ ಕಂದು ಪಾಕ ಇಳಿಸಿಕೊಂಡು ಕೂರುವುದು.

ಅಜ್ಜಿ ಹೋದ ಮೇಲೆ ಸುಮಾರು ವರ್ಷ ಯಾರೂ ಮಾಡಲಿಲ್ಲ. ನೋಟ್‌ಬುಕ್ ನನ್ನ ಕೈಗೆ ಸಿಕ್ಕಿದ್ದೇ ತಡ, ಐದು ಸಾಲು ತಾನೇ, ಇದೇನು ಮಹಾ ಅಂತ ಶುರು ಮಾಡಿದೆ.

ಮೊದಲ ಡಬ್ಬಿ ಗಂಜಿ ಆಯಿತು. ಬೇಕರಿಯಿಂದ ಆಗಷ್ಟೇ ಬಂದ ಮೆತ್ತನೆ ಬ್ರೆಡ್ ತಂದಿದ್ದೆ, ಒಳ್ಳೆಯದು ಮಾಡೋಣ ಅಂತ. ಹಾಲಿಗೆ ಹಾಕಿದ್ದೇ ಕರಗಿಹೋಯಿತು. ಎರಡನೆಯದನ್ನು ಕುಕ್ಕರಿನಲ್ಲಿ ವೆಯ್ಟ್ ಹಾಕಿ ಮೂರು ವಿಷಲ್ ಕೂಗಿಸಿದೆ. ತೆಗೆದು ನೋಡಿದರೆ ತುಂಬಾ ತೂತು, ಸುತ್ತ ನೀರು, ಬಾಯಿಗಿಟ್ಟರೆ ರಬ್ಬರು, ಮೇಲಿಂದ ಮೊಟ್ಟೆ ವಾಸನೆ ಬೇರೆ. ಮೂರನೆಯದರಲ್ಲಿ ಬ್ರೆಡ್ಡೂ ಸರಿ ಇತ್ತು, ಉರಿಯೂ ಸರಿ ಇತ್ತು, ಸಕ್ಕರೆ ಕಂದಿಸುವಾಗ ಫೋನ್ ಬಂತು. ಕಹಿ. ಆದರೂ ನಮ್ಮನೆಯವರು ತಿಂದರು, ಪಾಪ.

ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಮೊದಲೇ ಮಾಡಬೇಕಿತ್ತು. "ಅಯ್ಯೋ, ಹೊಸ ಬ್ರೆಡ್ ತಂದ್ಯಾ? ತಂಗಳು ಬ್ರೆಡ್ಡಿಗೇ ಅಲ್ವೇನೇ ಪುಡಿಂಗ್ ಮಾಡೋದು? ಅಮ್ಮ ಹಿಂದಿನ ರಾತ್ರೀನೇ ಮೊರದಲ್ಲಿ ಹರಡಿ ಇಡ್ತಿದ್ರು" ಅಂದರು. ನೋಡಿ, ಈ ಮೊರದ ವಿಷಯ ಯಾಕೆ ಬರೆದಿಲ್ಲ ಅಂದರೆ, ಅಜ್ಜಿಗೆ ಅದು ಬರೆಯುವ ವಿಷಯವೇ ಅಲ್ಲ. ಬ್ರೆಡ್ ಹಳೆಯದಾದಾಗಲೇ ತಾನೇ ಪುಡಿಂಗ್ ನೆನಪಾಗುತ್ತಿದ್ದದ್ದು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಅಜ್ಜಿಯ ಹಿತ್ತಾಳೆ ಪಾವು ನನ್ನ ಹತ್ತಿರವೇ ಇದೆ, ನೀರು ತುಂಬಿ ಅಳೆದೆ, ಕಾಲು ಲೀಟರಿಗೆ ಒಂಚೂರು ಕಡಿಮೆ. ಹಾಗಾಗಿ ಅರ್ಧ ಲೀಟರಿನ ಒಂದು ಪ್ಯಾಕೆಟ್ ಹಾಲು ಅಂತ ಇಟ್ಟುಕೊಳ್ಳಿ, ಗಟ್ಟಿ ಹಾಲೇ ಇರಲಿ. ಎರಡು ದಿನದ ಹಳೆಯ ಬಿಳಿ ಬ್ರೆಡ್ 6 ಹೋಳು, ಅಂಚು ತೆಗೆದು, ರಾತ್ರಿಯೆಲ್ಲಾ ಫ್ಯಾನಿನ ಕೆಳಗೆ ಒಣಗಲು ಬಿಡುತ್ತೇನೆ. ಅವಸರವಿದ್ದರೆ ಕಾವಲಿಯ ಮೇಲೆ ಎಣ್ಣೆ ಹಾಕದೆ, ಬಣ್ಣ ಬರದಷ್ಟು ಬೆಚ್ಚಗೆ ಮಾಡಿದರೂ ನಡೆಯುತ್ತದೆ. ಒಣಗಿದ ಬ್ರೆಡ್ ಹಾಲು ಹೀರಿದರೂ ಆಕಾರ ಬಿಡುವುದಿಲ್ಲ, ಹೊಸದು ಬಿಡುತ್ತದೆ, ಇಷ್ಟೇ ಗುಟ್ಟು. ಗೋಧಿ ಬ್ರೆಡ್ಡಿನಲ್ಲೂ ಮಾಡಿ ನೋಡಿದೆ. ಆರೋಗ್ಯಕ್ಕೆ ಒಳ್ಳೆಯದಿರಬಹುದು, ತಿನ್ನಲು ಅಲ್ಲ.

ಹಾಲನ್ನು ಉಗುರುಬೆಚ್ಚಗೆ ಮಾಡಿ 6 ಚಮಚ ಸಕ್ಕರೆ, ಒಂದು ಚಮಚ ಬೆಣ್ಣೆ ಕರಗಿಸಿ. ಮೊಟ್ಟೆ ಮೂರನ್ನೂ ಫೋರ್ಕಿನಲ್ಲಿ ಕದಡಿ, ನೊರೆ ಬರುವಷ್ಟು ಬೇಡ, ನೊರೆ ಬಂದರೆ ಆಮೇಲೆ ತೂತು ತೂತಾಗುತ್ತದೆ. ಹಾಲು ಸುಡುವಷ್ಟು ಬಿಸಿ ಇದ್ದರೆ ಮೊಟ್ಟೆ ಅಲ್ಲೇ ಬೆಂದು ಚೂರುಚೂರಾಗುತ್ತದೆ, ಬೆರಳು ಅದ್ದಿ ನೋಡಿ. ಎರಡನ್ನೂ ಸೇರಿಸಿ ಜರಡಿಯಲ್ಲಿ ಸೋಸಿ, ಚಿಟಿಕೆ ಉಪ್ಪು, ಸ್ವಲ್ಪ ಜಾಯಿಕಾಯಿ ತುರಿದು ಹಾಕಿ. ಏಲಕ್ಕಿ ಹಾಕಿದರೆ ಪಾಯಸದ ಘಮ ಬಂದುಬಿಡುತ್ತದೆ, ನನಗೆ ಇಷ್ಟವಿಲ್ಲ. ಆಮೇಲೆ ಬ್ರೆಡ್ ಮುರಿದು ಹಾಕಿ ಅರ್ಧ ಗಂಟೆ ಮರೆತುಬಿಡಿ. ಆಗಾಗ ಚಮಚದಲ್ಲಿ ಒತ್ತಬೇಕು ಅನಿಸುತ್ತದೆ, ಒತ್ತಬೇಡಿ.

ಈ ಹೊತ್ತಿನಲ್ಲಿ ಪಾಕ. ಇದೊಂದು ನೋಟ್‌ಬುಕ್ಕಿನಲ್ಲಿ ಹೆಸರಿಗೂ ಇಲ್ಲ, ಆದರೆ ತಿಂದ ನೆನಪು ಎಲ್ಲರಿಗೂ ಇದೆ. ಪುಡಿಂಗ್ ಬೇಯಿಸುವ ಸ್ಟೀಲ್ ಡಬ್ಬಿಯಲ್ಲೇ 4 ಚಮಚ ಸಕ್ಕರೆ, ಒಂದು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿಡಿ. ಕಲಕಬೇಡಿ, ಇಕ್ಕಳದಲ್ಲಿ ಹಿಡಿದು ಡಬ್ಬಿಯನ್ನೇ ಆಡಿಸಿ. ಮೊದಲು ಏನೂ ಆಗುವುದಿಲ್ಲ, ಆಗುವುದೇ ಇಲ್ಲ ಅನಿಸುತ್ತದೆ, ಆಮೇಲೆ ಜೇನಿನ ಬಣ್ಣ, ಅಲ್ಲಿಂದ ಅರ್ಧ ನಿಮಿಷದಲ್ಲಿ ಕರಿ. ಜೇನಿಗಿಂತ ಒಂದು ಮೆಟ್ಟಿಲು ಗಾಢವಾದಾಗ ಇಳಿಸಿಬಿಡಿ, ಇಳಿಸಿದ ಮೇಲೂ ಡಬ್ಬಿಯ ಬಿಸಿಗೆ ಇನ್ನೂ ಕಂದುತ್ತದೆ. ಬೆರಳಿಗೆ ತಾಗಿದರೆ ಮಾತ್ರ ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ, ಮಕ್ಕಳನ್ನು ದೂರ ಇಡಿ. ಅದು ತಣಿದು ಗಾಜಿನ ಹಾಗೆ ಗಟ್ಟಿಯಾದ ಮೇಲೆ ಸುತ್ತಲೂ ಬೆಣ್ಣೆ ಸವರಿ, ಒಂದು ಹಿಡಿ ಒಣದ್ರಾಕ್ಷಿ ಉದುರಿಸಿ, ನೆನೆದ ಬ್ರೆಡ್ ಸುರಿಯುವುದು.

ಡಬ್ಬಿಗೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಹಬೆಯ ನೀರು ಒಳಗೆ ತೊಟ್ಟಿಕ್ಕುತ್ತದೆ. ಇಡ್ಲಿ ಪಾತ್ರೆಯೋ, ವೆಯ್ಟ್ ತೆಗೆದ ಕುಕ್ಕರೋ, ಕೆಳಗೆ ಒಂದು ಸ್ಟ್ಯಾಂಡ್, ಎರಡು ಲೋಟ ನೀರು. ನೀರು ಕುದಿ ಬಂದ ಮೇಲೆ ಡಬ್ಬಿ ಇಟ್ಟು ಉರಿ ಪೂರ್ತಿ ಸಣ್ಣ ಮಾಡಿ. ಹಾಲು ಮೊಟ್ಟೆ ಕೂಡಿದ್ದು ಗಟ್ಟಿಯಾಗಲು ಸುಮಾರು 80 ಡಿಗ್ರಿ ಸಾಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ಮೊಟ್ಟೆ ಬಿಗಿದುಕೊಂಡು ಒಳಗಿನ ನೀರನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊರಗೆ ಹಾಕುತ್ತದೆ. ನನ್ನ ಎರಡನೇ ಡಬ್ಬಿಯ ಕಥೆ ಅದೇ. ಕುಕ್ಕರಿಗೆ ವೆಯ್ಟ್ ಹಾಕಿದರೆ ಒಳಗೆ ನೂರು ದಾಟುತ್ತದಲ್ಲ. 35ರಿಂದ 40 ನಿಮಿಷ. ಚಾಕು ಚುಚ್ಚಿದರೆ ಹಸಿ ಹಾಲು ಅಂಟಬಾರದು, ನಡುವೆ ಸ್ವಲ್ಪ ಅಲ್ಲಾಡುತ್ತಿದ್ದರೆ ಪರವಾಗಿಲ್ಲ, ಆರುವಾಗ ಸರಿಹೋಗುತ್ತದೆ. ಪೂರ್ತಿ ಆರಿಸಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಅಷ್ಟರಲ್ಲಿ ತಳದ ಗಾಜಿನಂಥ ಸಕ್ಕರೆ ಕರಗಿ ಪಾಕವಾಗಿರುತ್ತದೆ. ಬಿಸಿಯಲ್ಲೇ ಮಗುಚಿ ನನ್ನ ಹಾಗೆ ಸಿಂಕಿಗೆ ಬೀಳಿಸಬೇಡಿ (ಇದನ್ನು ಮೂರು ಡಬ್ಬಿಯ ಲೆಕ್ಕಕ್ಕೆ ಸೇರಿಸಿಲ್ಲ).

ಮೊಟ್ಟೆ ತಿನ್ನದವರಿಗೆ ದೊಡ್ಡಮ್ಮನ ದಾರಿ ಇದೆ. ಅವರು ಮದುವೆಯಾಗಿ ಹೋದ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವ ಹಾಗಿರಲಿಲ್ಲ, ಆ ಮದುವೆಯ ಕಥೆ ಇನ್ನೊಂದು ಸಲ. ಅವರು ಕಸ್ಟರ್ಡ್ ಪೌಡರ್ ಹಿಡಿದರು. ಆ ಪೌಡರ್ ಹುಟ್ಟಿದ್ದೂ ಇಂಥದೇ ಕಾರಣಕ್ಕೆ: 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ ಎಂಬಾತ ಮೊಟ್ಟೆ ಒಗ್ಗದ ಹೆಂಡತಿಗೋಸ್ಕರ ಮಾಡಿದ್ದು. ಎರಡು ಚಮಚ ಪೌಡರನ್ನು ತಣ್ಣನೆ ಹಾಲಿನಲ್ಲಿ ಗಂಟಿಲ್ಲದೆ ಕಲಸಿ, ಸಕ್ಕರೆ ಹಾಕಿದ ಅರ್ಧ ಲೀಟರ್ ಕುದಿಯುವ ಹಾಲಿಗೆ ಸುರಿದು, ಕೈಯಾಡಿಸುತ್ತಾ ಗಟ್ಟಿ ಮಾಡಿ ಬ್ರೆಡ್ಡಿನ ಮೇಲೆ ಹೊಯ್ಯುವುದು, ತಣ್ಣಗಾದ ಮೇಲೆ ಫ್ರಿಜ್ಜಿನಲ್ಲಿಡುವುದು. ಇಲ್ಲಿ ಸಣ್ಣ ಉರಿ, ಹಬೆ ಯಾವುದೂ ಬೇಡ, ಕುದಿಯದಿದ್ದರೆ ಅದು ಗಟ್ಟಿಯೇ ಆಗುವುದಿಲ್ಲ. ಮಗುಚಲು ಬರುವುದಿಲ್ಲ, ಬಟ್ಟಲಿನಲ್ಲೇ ಚಮಚ ಹಾಕಿ ತಿನ್ನಬೇಕು. ರುಚಿ ಚೆನ್ನಾಗಿದೆ, ಆದರೆ ನನ್ನ ಮಟ್ಟಿಗೆ ಅದು ಪುಡಿಂಗ್ ಅಲ್ಲ. ದೊಡ್ಡಮ್ಮನ ಮುಂದೆ ಹೇಳಲ್ಲ.

ಮೊಟ್ಟೆಯದ್ದು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ, ಮೂರನೇ ದಿನಕ್ಕೆ ಇಡಬೇಡಿ. ತೆಗೆದ ಅಂಚುಗಳನ್ನು ಬಿಸಾಡಬೇಡಿ, ಒಣಗಿಸಿ ಮಿಕ್ಸಿಗೆ ಹಾಕಿ ಪುಡಿ ಮಾಡಿಟ್ಟರೆ ಮುಂದಿನ ವಾರ ಕಟ್ಲೆಟ್‌ಗೆ ಆಯಿತು.