ಬಳ್ಳಾರಿ ಮನೆಗೆ ಡಿಹ್ಯೂಮಿಡಿಫೈಯರ್ರೋ, ಏರ್ ಪ್ಯೂರಿಫೈಯರ್ರೋ? ಮೊದಲು ಮಂಡಕ್ಕಿ ಡಬ್ಬ ನೋಡ್ರಿ

ನಮ್ಮಕ್ಕ ಇರೋದು ಮಂಗಳೂರಲ್ಲಿ. ಅಲ್ಲಿ ಮಳೆಗಾಲ ಬಂತಂದ್ರೆ ಬೀರು ಒಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತೆ, ಅದಕ್ಕೆ ಡಿಹ್ಯೂಮಿಡಿಫೈಯರ್ ಇಟ್ಕೊಂಡಿದಾಳೆ, ದಿನಾ ಬೆಳಿಗ್ಗೆ ಅದರ ಟ್ಯಾಂಕ್ ತುಂಬ ನೀರು ಚೆಲ್ತಾಳೆ. ಹೋದ ಬ್ಯಾಸಿಗೇಲಿ ಹೊಸದು ತಗೊಂಡು ಹಳೇದನ್ನ ನಮಗೆ ಕಳಿಸಿದ್ಲು, ಮಗೂಗೆ ಕೆಮ್ಮು ಅಂತೀಯಲ್ಲ ಇಟ್ಕೋ ಅಂತ. ಬಳ್ಳಾರಿ ಗಾಂಧಿನಗರದ ನಮ್ಮ ಮನೇಲಿ ಮೇ ತಿಂಗಳ ಒಂದು ರಾತ್ರಿ ಪೂರ್ತಿ ಓಡ್ಸಿ ಬೆಳಿಗ್ಗೆ ಟ್ಯಾಂಕ್ ಎಳೆದು ನೋಡಿದ್ರೆ ತಳದಲ್ಲಿ ಒಂದು ಚಮಚ ನೀರೂ ಇಲ್ಲ, ರೂಮು ಮಾತ್ರ ಇನ್ನಷ್ಟು ಕಾದಿತ್ತು. ಕೆಮ್ಮು ಇದ್ದಂಗೇ ಇತ್ತು.

ತಪ್ಪು ಮಷೀನಿಂದಲ್ಲ, ನಮ್ದು. ಡಿಹ್ಯೂಮಿಡಿಫೈಯರ್ ಒಳಗೆ ಫ್ರಿಜ್ಜಲ್ಲಿರೋ ಥರದ್ದೇ ಕಂಪ್ರೆಸರ್ ಇರುತ್ತೆ, ತಣ್ಣನೆ ಕಾಯಿಲ್ ಮೇಲೆ ಗಾಳಿ ಹಾಯಿಸಿ ತೇವಾನ ನೀರು ಮಾಡಿ ಇಳಿಸುತ್ತೆ, ಬಿಸಿನ ರೂಮಿಗೇ ಬಿಡುತ್ತೆ. ಧೂಳಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಏರ್ ಪ್ಯೂರಿಫೈಯರ್ ಅಂದ್ರೆ ಒಂದು ಫ್ಯಾನು, ಒಂದು ದಪ್ಪ ಫಿಲ್ಟರ್ರು, ಅಷ್ಟೇ. ಅದು ಧೂಳು ಹಿಡಿಯುತ್ತೆ, ಒಂದು ಹನಿ ತೇವ ತೆಗೆಯಲ್ಲ. ಅಂಗಡೀಲಿ ಎರಡನ್ನೂ ಅಕ್ಕಪಕ್ಕ ಇಟ್ಟಿರ್ತಾರೆ, ಎರಡೂ ಬಿಳಿ ಡಬ್ಬ, ನಾವು ಮೋಸ ಹೋಗೋದು ಅಲ್ಲೇ.

ಹಂಗಾಗಿ ಮೊದಲನೇ ಕೆಲಸ, ನಿಮ್ಮನೆ ಕಾಟ ತೇವದ್ದಾ ಧೂಳಿಂದಾ ಅಂತ ಗೊತ್ತು ಮಾಡ್ಕೊಳ್ಳೋದು. ಡಬ್ಬದಿಂದ ಒಂದು ತಟ್ಟೆಗೆ ಮಂಡಕ್ಕಿ ಹಾಕಿ ರಾತ್ರಿ ರೂಮಲ್ಲೇ ಮುಚ್ಚದೆ ಇಡ್ರಿ. ಏಪ್ರಿಲ್ಲಲ್ಲಿ ನಮ್ಮೂರಲ್ಲಿ ಬೆಳಿಗ್ಗೆಗೂ ಗರಿಗರಿ ಇರುತ್ತೆ, ಸೆಪ್ಟೆಂಬರ್ ಅಕ್ಟೋಬರ್ ಮಳೆ ಟೈಮಲ್ಲಿ ಮೆತ್ತಗಾಗುತ್ತೆ, ಉಪ್ಪಿನ ಡಬ್ಬೀನೂ ಗಂಟು ಕಟ್ಟುತ್ತೆ. ಸರಿಯಾದ ಲೆಕ್ಕ ಬೇಕಂದ್ರೆ ಹೈಗ್ರೋಮೀಟರ್ ಅಂತ ಒಂದು ಸಣ್ಣ ಮೀಟರ್ ಸಿಗುತ್ತೆ, ಕೆಲವು ನೂರು ರೂಪಾಯಿ, ಅದನ್ನ ತಗೊಂಡು ಒಂದು ವಾರ ಮಲಗೋ ರೂಮಲ್ಲಿ ಇಡ್ರಿ. 40ರಿಂದ 60 ಪರ್ಸೆಂಟ್ ತೋರಿಸಿದ್ರೆ ಚಿಂತೆ ಇಲ್ಲ, ದಿನಗಟ್ಟಲೆ 70 ದಾಟಿ ನಿಂತಿದ್ರೆ ಮಾತ್ರ ತೇವದ ವಿಚಾರ ಮಾಡ್ರಿ. ಇನ್ನ ಧೂಳಿಗೆ ಮೀಟರ್ ಬ್ಯಾಡ, ಬೆಳಿಗ್ಗೆ ಒರೆಸಿದ ಟಿವಿ ಸ್ಟ್ಯಾಂಡ್ ಮೇಲೆ ಸಂಜೆ ಬಿಳಿ ಬಟ್ಟೆ ಎಳೆದು ನೋಡ್ರಿ. ಹೊಸಪೇಟೆ ರೋಡಿನ ಕಡೆ ಮನೆ ಇದ್ರೆ ಬಟ್ಟೆ ಕೆಂಪಾಗುತ್ತೆ, ಸಂಡೂರಿನ ಅದಿರು ನಿಮಗೆ ಹೇಳೋದೇನು. ರಾಯಚೂರಿನ ಶಕ್ತಿನಗರದ ಕಡೆಯವರಿಗೆ ವಿದ್ಯುತ್ ಸ್ಥಾವರದ ಬೂದಿ, ಕೊಪ್ಪಳದ ಗಿಣಿಗೇರಿ ಕಡೆಯವರಿಗೆ ಫ್ಯಾಕ್ಟರಿ ಕಪ್ಪು, ಮನೇಲೇ ಜೀನ್ಸ್ ಹೊಲಿಯೋರಿಗೆ ಬಟ್ಟೆ ನೂಲಿನ ಧೂಳು.

ಎರಡನೇದು, ಗೋಡೆ ಉಪ್ಪು ಒಡೆದು ಪೇಂಟ್ ಉದುರ್ತಿದ್ರೆ ಅದನ್ನ ನೋಡಿ ಡಿಹ್ಯೂಮಿಡಿಫೈಯರ್ ತರಬ್ಯಾಡ್ರಿ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು ತಗೊಂಡು ಆ ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ ಎರಡು ದಿನ ಬಿಡ್ರಿ. ಫಾಯಿಲ್ ಹಿಂದೆ ಪಸೆ ಕಂಡ್ರೆ ನೀರು ಗೋಡೆ ಒಳಗಿಂದ ಬರ್ತೈತೆ ಅಂತ, ಪೈಪೋ ಪಾಯಾನೋ ನೋಡೋಕೆ ಮೇಸ್ತ್ರೀನ ಕರೀರಿ. ಮುಂದಿನ ಮೈ ಮೇಲೆ ಹನಿ ಇದ್ರೆ ಅದು ರೂಮಿನ ಗಾಳಿ ತೇವ. ಗಂಗಾವತಿ, ಸಿಂಧನೂರು ಕಡೆ ಕಾಲುವೆ ನೀರು, ಭತ್ತದ ಗದ್ದೆ ನಡುವಿನ ಮನೆಗಳಲ್ಲಿ ಮಳೆಗಾಲಕ್ಕೆ ಇದು ಆಗಬಹುದು, ಆದ್ರೂ ಏಸಿ ಇದ್ರೆ ಅದರ ಡ್ರೈ ಮೋಡೇ ಸಾಕಾಗುತ್ತೆ. ಡಬ್ಬದ ಮೇಲೆ ದಿನಕ್ಕೆ ಇಷ್ಟು ಲೀಟರ್ ಅಂತ ಬರೆದಿರ್ತಾರಲ್ಲ, ಅದು ಸಾಮಾನ್ಯವಾಗಿ 30 ಡಿಗ್ರಿ, 80 ಪರ್ಸೆಂಟ್ ತೇವದಲ್ಲಿ ಅಳೆದಿದ್ದು, ನಮ್ಮ ಬ್ಯಾಸಿಗೇಲಿ ಅಂಥ ಗಾಳಿ ಎಲ್ಲಿಂದ ತರೋದು?

ಮೂರನೇದು ಕೂಲರ್, ಇದನ್ನ ಅಂಗಡಿಯವರು ಯಾರೂ ಹೇಳಲ್ಲ. ನಮ್ಮ ಕಡೆ ಕಿಟಕಿಗೆ ಕೂಲರ್ ಕೂರಿಸದ ಮನೆ ಕಮ್ಮಿ. ಕೂಲರ್ ಹೊರಗಿನ ಗಾಳಿ ಎಳೆದು ಒದ್ದೆ ಹುಲ್ಲಿನ ಮೂಲಕ ಒಳಗೆ ತಳ್ಳುತ್ತೆ, ಆ ಗಾಳಿ ಆಚೆ ಹೋಗೋಕೆ ಬಾಗಿಲೋ ಇನ್ನೊಂದು ಕಿಟಕೀನೋ ತೆಗೆದಿರಬೇಕು, ಅಂದ್ರೆ ರೂಮಿನ ಗಾಳಿ ಗಳಿಗೆಗೊಂದ್ಸಲ ಬದಲಾಗ್ತಾನೇ ಇರುತ್ತೆ. ದಪ್ಪ ಧೂಳು ಒಂದಷ್ಟು ಆ ಹುಲ್ಲಲ್ಲೇ ನಿಲ್ಲುತ್ತೆ, ಸಣ್ಣದು ನಿಲ್ಲಲ್ಲ. ಅದರ ಪಕ್ಕ ಪ್ಯೂರಿಫೈಯರ್ ಇಟ್ರೆ ತೂತು ಬಿದ್ದ ಕೊಡಕ್ಕೆ ನೀರು ತುಂಬಿದಂಗೆ. ಅಕ್ಕನ ಮಷೀನ್ ವಾಪಸ್ ಕಳಿಸಿ ನಾವು ಪ್ಯೂರಿಫೈಯರ್ ತಂದಾಗ ಮೊದಲ ರಾತ್ರಿ ಪೂರ್ತಿ ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸೋ ಅದರ ಲೈಟು ಕೆಂಪಗೇ ಇತ್ತು, ಮಷೀನೇ ಕೆಟ್ಟಿರಬೇಕು ಅಂತ ನಮ್ಮ ಯಜಮಾನ್ರು ಬಿಲ್ ಹುಡುಕೋಕೆ ಶುರು ಮಾಡಿದ್ರು. ಕೂಲರ್ ಆಫ್ ಮಾಡಿ ಕಿಟಕಿ ಹಾಕಿದ ಅರ್ಧ ಗಂಟೇಲಿ ಹಸಿರಾಯ್ತು. ಮಗುವಿನ ರೂಮಿಗಾದ್ರೂ ಏಸಿ ಇದ್ರೆ, ಇಲ್ಲಾ ಕಿಟಕಿ ಹಾಕಿ ಬರೀ ಫ್ಯಾನಲ್ಲಿ ಮಲಗೋ ತಿಂಗಳಾದ್ರೆ ಪ್ಯೂರಿಫೈಯರ್ ದುಡ್ಡಿಗೆ ಬೆಲೆ. ಬ್ಯಾಸಿಗೆ ಪೂರ್ತಿ ಕೂಲರೇ ಗತಿ ಅಂದ್ರೆ ಬ್ಯಾಡ. ಮಳೆಗಾಲದಲ್ಲಿ ಕೂಲರ್ ಹಾಕಿ ಮನೆ ಜಿಗಿಜಿಗಿ ಅಂತಿದ್ರೆ ಅದರ ನೀರಿನ ಪಂಪ್ ಮಾತ್ರ ಬಂದ್ ಮಾಡ್ರಿ, ಅರ್ಧ ತೇವ ಅದೇ ಮಾಡಿರುತ್ತೆ.

ನಾಲ್ಕನೇದು ಸೈಜು. ಪ್ಯೂರಿಫೈಯರ್ ಡಬ್ಬದ ಮೇಲೆ ಸಿಎಡಿಆರ್ ಅಂತ ಒಂದು ನಂಬರ್ ಇರುತ್ತೆ, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಶುದ್ಧ ಮಾಡುತ್ತೆ ಅಂತ. 12 ಅಡಿಗೆ 12 ಅಡಿ ರೂಮು, 10 ಅಡಿ ಎತ್ತರ ಅಂದ್ರೆ ಹತ್ತಿರಹತ್ತಿರ 41 ಘನ ಮೀಟರ್, ಗಂಟೆಗೆ ಐದು ಸಲ ಗಾಳಿ ಸೋಸಬೇಕಂದ್ರೆ 205 ಆಯ್ತು. ಫುಲ್ ಸ್ಪೀಡಲ್ಲಿ ಸದ್ದು ಜಾಸ್ತಿ, ನಿದ್ದೆ ಬರಲ್ಲ, ಅದಕ್ಕೆ 250ರಿಂದ 300ರದ್ದು ತಗೊಂಡು ನಿಧಾನಕ್ಕೆ ಓಡಿಸೋದು ವಾಸಿ. ಫಿಲ್ಟರ್ ನಿಜವಾದ ಹೆಪಾ ಆಗಿರಬೇಕು, ಅಂದ್ರೆ 0.3 ಮೈಕ್ರಾನಿನಷ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲೂ 99.97 ಪರ್ಸೆಂಟ್ ಹಿಡಿಯೋದು, ಹೆಪಾ ಟೈಪ್ ಅಂತ ಬರೆದಿದ್ರೆ ಕೆಳಗೆ ಇಡ್ರಿ. ಓಜೋನ್ ಬಿಡೋದಂತೂ ಮುಟ್ಟಬ್ಯಾಡ್ರಿ, ಅದು ಎದೆಗೇ ಕೆಟ್ಟದ್ದು. ಕರೆಂಟ್ ಚಿಂತೆ ಬ್ಯಾಡ, 50 ವ್ಯಾಟಿನದು 10 ಗಂಟೆ ಓಡಿದ್ರೆ ಅರ್ಧ ಯೂನಿಟ್ಟು. ಬದಲಿ ಫಿಲ್ಟರ್ ರೇಟ್ ಮಾತ್ರ ಕೊಳ್ಳೋ ಮುಂಚೆನೇ ಕೇಳ್ಕೊಳ್ರಿ, ಕಂಪನಿಯವರು ವರ್ಷ ಬರುತ್ತೆ ಅಂದಿದ್ದು ನಮ್ಮೂರ ಧೂಳಿಗೆ ಅಷ್ಟು ದಿನ ಬರಲ್ಲ.

ಮಷೀನ್ ಬಂದ ಮೇಲೂ ಒಣ ಕಸಬರಿಗೇಲಿ ಗುಡಿಸಿದ್ರೆ ನೆಲದ ಧೂಳೆಲ್ಲ ಮತ್ತೆ ಮೇಲೆದ್ದು ಮೂಗಿಗೇ ಬರುತ್ತೆ, ಒದ್ದೆ ಬಟ್ಟೇಲಿ ಒರೆಸ್ರಿ. ಮಗೂಗೆ ಉಸಿರಾಡುವಾಗ ಸುಂಯ್ ಅಂತ ಸದ್ದು ಬರ್ತಿದ್ರೆ ಮಷೀನ್ ಆಮೇಲೆ, ಮೊದಲು ಡಾಕ್ಟ್ರು. ಹೊರಗಿನ ಜಾಳಿಗೆ ಫಿಲ್ಟರನ್ನ ಎರಡು ವಾರಕ್ಕೊಂದ್ಸಲ ಬಕೆಟ್‌ನಲ್ಲಿ ಅದ್ದಿ ತೊಳೀರಿ, ನಮ್ಮನೇದು ಅದ್ದಿದ ಕೂಡ್ಲೇ ನೀರು ಕಾವಿ ಬಣ್ಣಕ್ಕೆ ತಿರುಗುತ್ತೆ. ಪೂರ್ತಿ ಒಣಗಿದ ಮೇಲೇ ವಾಪಸ್ ಹಾಕ್ರಿ. ಒಳಗಿನ ಹೆಪಾ ಮಾತ್ರ ನೀರಿಗೆ ತೋರಿಸಬ್ಯಾಡ್ರಿ, ನಮ್ಮತ್ತೆ ಒಂದ್ಸಲ ಅದನ್ನೂ ಸರ್ಫ್ ಹಾಕಿ ನೆನೆಸಿಟ್ಟಿದ್ರು, ಆ ತಿಂಗಳೇ ಹೊಸದು ತರಿಸಬೇಕಾಯ್ತು.