ಬೆಲ್ಟ್ ತುಂಡಾಯ್ತಾ? ಹೊಸದು ಹಾಕುವ ಮೊದಲು ಎಸಿ ಪುಲ್ಲಿ ತಿರುಗಿಸಿ ನೋಡಿ

ಗಾಡಿ ಓಡುತ್ತಿರುವಾಗ ಬಾನೆಟ್ ಒಳಗಿಂದ ಕಿರ್ರೆಂದು ಕಿರುಚುವ ಸದ್ದು ಬರುತ್ತದೆ. ಹಿಂದೆಯೇ ಸುಟ್ಟ ರಬ್ಬರ್ ವಾಸನೆ. ಆಮೇಲೆ ಟಪ್ ಎಂದು ಏನೋ ಬಡಿದ ಶಬ್ದ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ. ಪವರ್ ಸ್ಟೀರಿಂಗ್ ಪಂಪ್ ಕೂಡ ಅದೇ ಬೆಲ್ಟಿನಿಂದ ನಡೆಯುವ ಕಾರಾದರೆ ಸ್ಟೀರಿಂಗ್ ತಟ್ಟನೆ ಭಾರವಾಗುತ್ತದೆ. ಇಷ್ಟೂ ಒಟ್ಟಿಗೆ ಆದರೆ ಸರ್ಪೆಂಟೈನ್ ಬೆಲ್ಟ್, ಅಂದರೆ ಎಂಜಿನ್ನಿನ ಬಲವನ್ನು ಆಲ್ಟರ್ನೇಟರ್, ಎಸಿ ಮುಂತಾದವುಗಳ ಪುಲ್ಲಿಗಳಿಗೆ (ಗಾಲಿಗಳಿಗೆ) ಮುಟ್ಟಿಸುವ ಉದ್ದನೆಯ ರಬ್ಬರ್ ಪಟ್ಟಿ, ತುಂಡಾಗಿದೆ ಎಂದೇ ತಿಳಿಯಿರಿ.

ಮೊದಲ ಕೆಲಸ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡುವುದು. ಇನ್ನೇನು ಹತ್ತಿರದಲ್ಲೇ ಇದ್ದೇವೆ, ಮೆಲ್ಲಗೆ ಹೋಗಿಬಿಡೋಣ ಅಂದುಕೊಳ್ಳಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟಿನಿಂದ. ಅದು ನಿಂತರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ಹರಿಯುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದುಬಿಡುತ್ತದೆ. ಆ ಬಿಸಿಗೆ ಸಿಲಿಂಡರ್ ಹೆಡ್ ಸೊಟ್ಟಗಾದರೆ ಒಂದು ಬೆಲ್ಟಿನ ಕೆಲಸ ಇಡೀ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಕೆಲವು ಕಾರುಗಳಲ್ಲಿ ವಾಟರ್ ಪಂಪ್ ಬೇರೆಯೇ ಆದ, ಎಂಜಿನ್ ಕವರ್ ಒಳಗಿನ ಟೈಮಿಂಗ್ ಬೆಲ್ಟಿನಿಂದ ನಡೆಯುತ್ತದೆ. ಅಂಥವು ಸ್ವಲ್ಪ ದೂರ ಓಡುತ್ತವೆ ನಿಜ. ಆದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನಿಂತಿರುವುದರಿಂದ ಬ್ಯಾಟರಿಯಲ್ಲಿ ಉಳಿದ ಕರೆಂಟ್ ಇರುವವರೆಗೆ ಮಾತ್ರ. ನಿಮ್ಮದು ಯಾವ ಬಗೆ ಎಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಟೋಯಿಂಗ್ ಮಾಡಿಸುವುದೇ ಸರಿ.

ಬೆಲ್ಟ್ ಸುಮ್ನೆ ತುಂಡಾಗುವುದಿಲ್ಲ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಾರಣ ಹುಡುಕದೆ ಹೊಸ ಬೆಲ್ಟ್ ಹಾಕಬೇಡಿ. ಈಗಿನ ಬೆಲ್ಟ್‌ಗಳು ಹೆಚ್ಚಾಗಿ ಇಪಿಡಿಎಂ ಎಂಬ ಗಟ್ಟಿ ರಬ್ಬರಿನವು. ಹಳೇ ಕಾಲದ ಬೆಲ್ಟ್‌ಗಳಂತೆ ಬೇಗ ಬಿರುಕು ಬಿಡುವುದಿಲ್ಲ, ನಿಧಾನಕ್ಕೆ ಸವೆಯುತ್ತವೆ. ಇಂಥ ಬೆಲ್ಟ್ ಹೊಗೆಯಾಡಿ ತುಂಡಾಗಿದೆ ಎಂದರೆ ಅದರ ದಾರಿಯಲ್ಲಿರುವ ಯಾವುದೋ ಪುಲ್ಲಿ ತಿರುಗದೆ ನಿಂತಿದೆ ಎಂದು ಮೊದಲು ಅನುಮಾನಿಸಬೇಕು. ನಿಂತ ಪುಲ್ಲಿಯ ಮೇಲೆ ಬೆಲ್ಟ್ ಉಜ್ಜಿಕೊಂಡೇ ಓಡುತ್ತದೆ, ಕಾಯುತ್ತದೆ, ಕರಗುತ್ತದೆ, ಕೊನೆಗೆ ಹರಿಯುತ್ತದೆ. ಕಾರಣ ಹಾಗೇ ಉಳಿದರೆ ಹೊಸ ಬೆಲ್ಟಿಗೂ ಅದೇ ಗತಿ.

ಎಸಿ ಪುಲ್ಲಿಯ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಯಾಕೆಂದರೆ ಎಸಿ ಆಫ್ ಇದ್ದರೂ ಆ ಪುಲ್ಲಿ ತಿರುಗುತ್ತಲೇ ಇರುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಅದರೊಳಗಿನ ಬೇರಿಂಗಿಗೆ ಬಿಡುವೇ ಇಲ್ಲ. ಪುಲ್ಲಿಯ ಮುಂದೆ ಒಂದು ತಟ್ಟೆ ಇದೆ, ಅದೇ ಕ್ಲಚ್ ಪ್ಲೇಟ್. ಹಿಂದೆ ವಿದ್ಯುತ್ ಕಾಯಿಲ್. ಎಸಿ ಬಟನ್ ಒತ್ತಿದಾಗ ಕಾಯಿಲ್ ಆಯಸ್ಕಾಂತವಾಗಿ ತಟ್ಟೆಯನ್ನು ಪುಲ್ಲಿಗೆ ಎಳೆದು ಅಂಟಿಸುತ್ತದೆ. ಬಾನೆಟ್ ಕಡೆಯಿಂದ ಟಕ್ ಎಂದು ಕೇಳುವ ಸದ್ದು ಅದೇ. ಆಗ ಮಾತ್ರ ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರಿನ ಶಾಫ್ಟ್ ತಿರುಗುತ್ತದೆ.

ಅಂದರೆ ಎಸಿ ಪುಲ್ಲಿ ಜಾಮ್ ಆಗಿದೆ ಎನ್ನುವ ಮಾತಿನ ಹಿಂದೆ ಎರಡು ಬೇರೆಬೇರೆ ಕಾಯಿಲೆಗಳಿರಬಹುದು. ಬೇರಿಂಗ್ ಹಿಡಿದಿರಬಹುದು, ಇಲ್ಲವೇ ಕಂಪ್ರೆಸರ್ ಒಳಗೇ ಕಚ್ಚಿಕೊಂಡಿರಬಹುದು. ಎರಡಕ್ಕೂ ಮದ್ದು ಬೇರೆ. ಖರ್ಚಿನಲ್ಲೂ ದೊಡ್ಡ ಅಂತರ. ಎಷ್ಟೋ ಸಲ ಇದನ್ನು ಬೇರ್ಪಡಿಸಿ ನೋಡದೆಯೇ ಇಡೀ ಕಂಪ್ರೆಸರ್ ಬದಲಿಸಿಬಿಡುತ್ತಾರೆ.

ಕೈಯಿಂದಲೇ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಎಂಜಿನ್ ಆಫ್ ಆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ಓಡಲು ಶುರುವಾಗಬಹುದು, ಬೆರಳು ಹತ್ತಿರದಲ್ಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಮಾತ್ರ ಕೈ ಹೋಗುತ್ತದೆ. ಹಾಗಿದ್ದರೆ ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ, ಆಕ್ಸಲ್ ಸ್ಟ್ಯಾಂಡ್ ಕೊಡಿ.

ಈಗ ಎಸಿ ಪುಲ್ಲಿಯ ಹೊರ ಅಂಚು ಹಿಡಿದು ತಿರುಗಿಸಿ. ಹಗುರವಾಗಿ, ಸದ್ದಿಲ್ಲದೆ ತಿರುಗಬೇಕು, ಮುಂದಿನ ತಟ್ಟೆ ಅಲ್ಲಾಡದೆ ನಿಂತಿರಬೇಕು. ಆಮೇಲೆ ತಟ್ಟೆಯನ್ನೇ ಕೈಯಿಂದ ಅಥವಾ ಮಧ್ಯದ ಬೋಲ್ಟಿಗೆ ಸಾಕೆಟ್ ಹಾಕಿ ತಿರುಗಿಸಿ ನೋಡಿ. ಅದು ಸ್ವಲ್ಪ ಬಿಗಿಯಾಗಿ, ಆದರೆ ಎಲ್ಲೂ ಸಿಕ್ಕಿಕೊಳ್ಳದೆ ಸುತ್ತಬೇಕು.

ಪುಲ್ಲಿಯೇ ತಿರುಗದಿದ್ದರೆ, ಅಥವಾ ಗರಗರ ಎಂದು ತಿರುಗಿದರೆ, ಹಿಡಿದು ಅಲ್ಲಾಡಿಸಿದಾಗ ಆಡಿದರೆ, ಬೇರಿಂಗ್ ಹೋಗಿದೆ. ಪುಲ್ಲಿ ಹಗುರವಾಗಿ ತಿರುಗಿ, ತಟ್ಟೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡದಿದ್ದರೆ ಕಂಪ್ರೆಸರ್ ಕಚ್ಚಿಕೊಂಡಿದೆ. ತಟ್ಟೆ ಮತ್ತು ಪುಲ್ಲಿ ಒಂದಕ್ಕೊಂದು ಅಂಟಿ, ಎರಡೂ ಒಟ್ಟಿಗೇ ಚಲಿಸಿದರೆ ಕ್ಲಚ್ ಸುಟ್ಟು ಬೆಸೆದುಕೊಂಡಿದೆ.

ಇನ್ನೊಂದು ಬಗೆಯೂ ಇದೆ. ಹೊಸ ಕಾರುಗಳಲ್ಲಿ ಹಲವಕ್ಕೆ ಎಸಿ ಕ್ಲಚ್ಚೇ ಇರುವುದಿಲ್ಲ, ಪುಲ್ಲಿ ಯಾವಾಗಲೂ ಕಂಪ್ರೆಸರನ್ನು ತಿರುಗಿಸುತ್ತಲೇ ಇರುತ್ತದೆ. ಒಳಗೆ ಕಚ್ಚಿಕೊಂಡರೆ ಬೆಲ್ಟ್ ಉಳಿಯಲಿ ಎಂದು ಪುಲ್ಲಿಯ ನಡುವಿನ ಒಂದು ಭಾಗ ತಾನೇ ಮುರಿಯುವಂತೆ ಮಾಡಿರುತ್ತಾರೆ. ಅದು ಮುರಿದಿದ್ದರೆ ಪುಲ್ಲಿ ಖಾಲಿ ತಿರುಗುತ್ತದೆ, ಎಸಿ ಮಾತ್ರ ತಣ್ಣಗಾಗುವುದಿಲ್ಲ.

ಎಸಿ ಪುಲ್ಲಿ ಸರಿಯಾಗಿದೆ ಎಂದು ಕಂಡರೆ ಅಲ್ಲಿಗೇ ನಿಲ್ಲಿಸಬೇಡಿ. ಆಲ್ಟರ್ನೇಟರ್, ವಾಟರ್ ಪಂಪ್, ಐಡ್ಲರ್ (ಬೆಲ್ಟಿಗೆ ದಾರಿ ಕೊಡುವ ಗಾಲಿ), ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಗಾಲಿ) ಹೀಗೆ ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ. ಬೆಲ್ಟ್ ಇಲ್ಲದ ಈ ಹೊತ್ತಿನಲ್ಲಿ ಸಿಗುವಷ್ಟು ಸ್ಪಷ್ಟವಾದ ಉತ್ತರ ಮತ್ತೆ ಸಿಗುವುದಿಲ್ಲ. ಎಸಿ ಪುಲ್ಲಿಯೇ ಕಾರಣ ಎಂದು ಗೊತ್ತಾದರೂ ಉಳಿದವನ್ನು ನೋಡಿ. ಸುಟ್ಟ ಬೆಲ್ಟಿನ ಜೊತೆ ಒದ್ದಾಡಿದ ಟೆನ್ಷನರ್ ಕೂಡ ಸೊರಗಿರಬಹುದು.

ಮೂರು ದಾರಿ

ಬೇರಿಂಗ್ ಒಂದೇ ಹೋಗಿದ್ದರೆ ಅದು ಒಳ್ಳೆಯ ಸುದ್ದಿ. ಎಸಿ ಗ್ಯಾಸ್ ಪೈಪ್ ಮುಟ್ಟದೆಯೇ ಬೇರಿಂಗ್ ಅಥವಾ ಇಡೀ ಕ್ಲಚ್ ಸೆಟ್ ಬದಲಿಸಬಹುದು, ಕೈ ಹಾಕಲು ಜಾಗ ಇರಬೇಕು ಅಷ್ಟೇ. ತಟ್ಟೆ ತಿರುಗದಂತೆ ಹಿಡಿದು ಮಧ್ಯದ ಬೋಲ್ಟ್ ಬಿಚ್ಚಿ ತಟ್ಟೆ ಹೊರಗೆಳೆಯಿರಿ. ಅದರ ಹಿಂದೆ ಕಾಗದದಷ್ಟು ತೆಳ್ಳನೆಯ ವಾಷರ್‌ಗಳಿರುತ್ತವೆ. ಅವು ಜಾರಿ ಬಿದ್ದು ಕಳೆದುಹೋಗುವುದು ತೀರಾ ಸಾಮಾನ್ಯ, ಕೆಳಗೊಂದು ಬಟ್ಟೆ ಹಾಸಿಡಿ. ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ನಿರ್ಧಾರವಾಗುವುದು ಈ ವಾಷರ್‌ಗಳಿಂದಲೇ. ಆಮೇಲೆ ಸರ್ಕ್ಲಿಪ್ ಪ್ಲೈಯರಿನಿಂದ ಸರ್ಕ್ಲಿಪ್ (ಪುಲ್ಲಿಯನ್ನು ಹಿಡಿದಿಟ್ಟ ಸ್ಪ್ರಿಂಗ್ ಉಂಗುರ) ತೆಗೆದರೆ ಪುಲ್ಲಿ ಹೊರಬರುತ್ತದೆ. ಬರದಿದ್ದರೆ ಪುಲ್ಲರ್ (ಎಳೆದು ತೆಗೆಯುವ ಟೂಲ್) ಬಳಸಿ, ಸುತ್ತಿಗೆ ಬೇಡ. ಹಳೇ ಬೇರಿಂಗ್ ತೆಗೆದು ಹೊಸದನ್ನು ಕೂರಿಸಲು ಪ್ರೆಸ್ ಬೇಕು, ಪುಲ್ಲಿಯನ್ನು ಬಿಚ್ಚಿ ವರ್ಕ್‌ಶಾಪಿಗೆ ಕೊಟ್ಟು ಮಾಡಿಸುವುದೇ ಸುಲಭ. ಜೋಡಿಸಿದ ಮೇಲೆ ಫೀಲರ್ ಗೇಜ್ ಹಾಕಿ ಸಂದು ಅಳೆಯಿರಿ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಇರುತ್ತದೆ, ನಿಮ್ಮ ಕಾರಿನ ಸರಿಯಾದ ಅಳತೆ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಸಂದು ಜಾಸ್ತಿಯಾದರೆ ಕ್ಲಚ್ ಹಿಡಿಯುವುದಿಲ್ಲ, ಕಡಿಮೆಯಾದರೆ ಸದಾ ಉಜ್ಜಿ ಮತ್ತೆ ಸುಡುತ್ತದೆ.

ಕಂಪ್ರೆಸರ್ ಕಚ್ಚಿಕೊಂಡು ಪುಲ್ಲಿ ಮಾತ್ರ ಚೆನ್ನಾಗಿ ತಿರುಗುತ್ತಿದ್ದರೆ ಸದ್ಯಕ್ಕೆ ಏನನ್ನೂ ಬಿಚ್ಚುವುದು ಬೇಡ. ಕ್ಲಚ್ಚಿಗೆ ಹೋಗುವ ವೈರಿನ ಕನೆಕ್ಟರ್ ತೆಗೆದು, ಬೇರೆಲ್ಲೂ ತಾಗದಂತೆ ಕಟ್ಟಿಡಿ. ಮೂಲ ಅಳತೆಯ ಹೊಸ ಬೆಲ್ಟ್ ಹಾಕಿ. ಎಸಿ ಇಲ್ಲದೆ ಗಾಡಿ ಆರಾಮಾಗಿ ಓಡುತ್ತದೆ. ಎಸಿ ಬಟನ್ ಒತ್ತದಿದ್ದರೆ ಸಾಲದೇ, ವೈರ್ ಯಾಕೆ ತೆಗೆಯಬೇಕು ಎಂದು ಕೇಳಬಹುದು. ಸಾಲದು. ಗಾಜಿನ ಮಂಜು ತೆಗೆಯುವ ಡಿಫ್ರಾಸ್ಟ್ ಹಾಕಿದಾಗ ಬಹಳ ಕಾರುಗಳಲ್ಲಿ ಎಸಿ ತಾನಾಗಿಯೇ ಶುರುವಾಗುತ್ತದೆ. ಕಚ್ಚಿಕೊಂಡ ಕಂಪ್ರೆಸರಿಗೆ ಕ್ಲಚ್ ಅಂಟಿದ ಗಳಿಗೆಯಲ್ಲೇ ಬೆಲ್ಟ್ ಮತ್ತೆ ಸುಡಲು ಶುರು. ಕ್ಲಚ್ ಇಲ್ಲದ ಕಾರುಗಳಿಗೆ ಈ ಉಪಾಯ ನಡೆಯುವುದಿಲ್ಲ, ತಟ್ಟೆ ಬೆಸೆದುಕೊಂಡಿದ್ದರೂ ನಡೆಯುವುದಿಲ್ಲ.

ಮೂರನೆಯದು ಎಸಿ ಪುಲ್ಲಿಯನ್ನೇ ಬಿಟ್ಟು ಚಿಕ್ಕ ಬೆಲ್ಟ್ ಹಾಕುವುದು. ಇದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ನಿಮ್ಮದೇ ಎಂಜಿನ್ ಎಸಿ ಇಲ್ಲದ ಮಾಡೆಲ್‌ನಲ್ಲೂ ಬಂದಿದ್ದರೆ ಅದರ ಬೆಲ್ಟ್, ಅದರ ಸುತ್ತುವ ದಾರಿ ಎರಡೂ ಸಿದ್ಧವಾಗಿಯೇ ಇರುತ್ತವೆ. ಅದಕ್ಕಿಂತ ಭದ್ರವಾದ ಬೈಪಾಸ್ ಇಲ್ಲ. ಕೆಲವು ಕಾರುಗಳಿಗೆ ಕಂಪ್ರೆಸರ್ ಜಾಗದಲ್ಲಿ ಕೂರಿಸುವ ಬೈಪಾಸ್ ಪುಲ್ಲಿಯೂ ಸಿಗುತ್ತದೆ. ಇವೆರಡೂ ಇಲ್ಲದಿದ್ದರೆ ಹಿಗ್ಗದ ದಾರವನ್ನು ಹೊಸ ದಾರಿಯಲ್ಲಿ ಸುತ್ತಿ ಅಳೆಯಬೇಕು. ಆಗ ಟೆನ್ಷನರ್ ತನ್ನ ಓಡಾಟದ ನಡುಮಧ್ಯದಲ್ಲಿರಲಿ. ಎರಡು ವಿಷಯ ತಪ್ಪದೆ ನೋಡಿ. ವಾಟರ್ ಪಂಪ್ ಮತ್ತು ಆಲ್ಟರ್ನೇಟರ್ ಮೊದಲು ಯಾವ ದಿಕ್ಕಿಗೆ ತಿರುಗುತ್ತಿದ್ದವೋ ಅದೇ ದಿಕ್ಕಿಗೆ ತಿರುಗಬೇಕು. ಬೆಲ್ಟ್ ಅವುಗಳನ್ನು ಸಾಕಷ್ಟು ಬಳಸಿ ಹಿಡಿದಿರಬೇಕು, ಬರೀ ಅಂಚಿಗೆ ಸವರಿಕೊಂಡು ಹೋದರೆ ಜಾರುತ್ತದೆ. ಎಸಿಗೆ ಪ್ರತ್ಯೇಕ ಬೆಲ್ಟ್ ಇರುವ ಕಾರಾದರೆ ಈ ತಲೆನೋವೇ ಇಲ್ಲ. ಆ ಬೆಲ್ಟ್ ಒಂದನ್ನೇ ತೆಗೆದಿಟ್ಟರೆ ಮುಗಿಯಿತು.

ಬೆಲ್ಟ್ ಕೂರಿಸುವುದು

ಹಳೇ ಬೆಲ್ಟಿನ ಚೂರು, ನೂಲು ಎಲ್ಲವನ್ನೂ ಆರಿಸಿ ತೆಗೆಯಿರಿ. ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ನೇರವಾಗಿ ತಿರುಗಿಸುವ, ಬೆಲ್ಟನ್ನು ಓಡಿಸುವ ಪುಲ್ಲಿ) ಹಿಂಬದಿಗೆ ಟಾರ್ಚ್ ಬಿಟ್ಟು ವಿಶೇಷವಾಗಿ ನೋಡಿ. ಹರಿದ ಬೆಲ್ಟಿನ ಎಳೆಗಳು ಅಲ್ಲಿ ಸುತ್ತಿಕೊಂಡು, ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಸೀಲ್ ದಾಟಿ ಅಥವಾ ಟೈಮಿಂಗ್ ಕವರ್ ಒಳಗೆ ನುಗ್ಗಿ ಎಂಜಿನ್ನಿಗೇ ಕುತ್ತು ತಂದದ್ದುಂಟು. ಅಲ್ಲಿ ನೂಲು ಕಂಡರೆ ಪೂರ್ತಿ ತೆಗೆಯುವವರೆಗೆ ಸ್ಟಾರ್ಟ್ ಮಾಡಬೇಡಿ. ಪುಲ್ಲಿಗಳ ಗ್ರೂವ್‌ನಲ್ಲಿ ಕರಗಿದ ರಬ್ಬರ್ ಮೆತ್ತಿದ್ದರೆ ಬ್ರಷ್‌ನಿಂದ ಉಜ್ಜಿ. ಆಯಿಲ್, ಕೂಲೆಂಟ್ ಸೋರಿದ್ದರೆ ಮೊದಲು ಸೋರಿಕೆ ನಿಲ್ಲಿಸಿ.

ಬೆಲ್ಟ್ ಕೊಳ್ಳುವಾಗ ಹಳೆಯದರ ಮೇಲಿನ ನಂಬರ್ ನೋಡಿ. 6ಪಿಕೆ1750 ಎಂದಿದ್ದರೆ ಆರು ಗೆರೆ, 1750 ಮಿಲಿಮೀಟರ್ ಉದ್ದ ಎಂದರ್ಥ. ನಂಬರ್ ಸುಟ್ಟು ಹೋಗಿದ್ದರೆ ತುಂಡಾದ ಬೆಲ್ಟನ್ನು ಅಳೆದು ತರಬೇಡಿ, ಕಾರಿನ ಮಾಡೆಲ್ ಮತ್ತು ಎಂಜಿನ್ ಹೇಳಿ ತನ್ನಿ.

ಬೆಲ್ಟ್ ಸುತ್ತುವ ದಾರಿಯ ಚಿತ್ರ ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲೋ ಸರ್ವಿಸ್ ಮ್ಯಾನುಯಲ್‌ನಲ್ಲೋ ಸಿಗುತ್ತದೆ. ಬೆಲ್ಟ್ ತುಂಡಾದ ಮೇಲೆ ನೋಡಿಕೊಳ್ಳಲು ಹಳೆಯದು ಅಲ್ಲಿರುವುದಿಲ್ಲ, ಹಾಗಾಗಿ ಈ ಚಿತ್ರ ಕೈಯಲ್ಲಿಲ್ಲದೆ ಶುರು ಮಾಡಬೇಡಿ. ಗೆರೆ ಇರುವ ಮುಖ ಗ್ರೂವ್ ಇರುವ ಪುಲ್ಲಿಗೆ, ನುಣುಪಾದ ಬೆನ್ನು ನುಣುಪಾದ ಪುಲ್ಲಿಗೆ. ಕ್ರ್ಯಾಂಕ್ ಪುಲ್ಲಿಯಿಂದ ಶುರು ಮಾಡಿ, ಕೈಗೆ ಸುಲಭವಾಗಿ ಸಿಗುವ ಒಂದು ಪುಲ್ಲಿಯನ್ನು ಕೊನೆಗೆ ಉಳಿಸಿಕೊಳ್ಳಿ. ಅದು ನುಣುಪಾದದ್ದಾದರೆ ಇನ್ನೂ ಒಳ್ಳೆಯದು. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಟೆನ್ಷನರನ್ನು ಸಡಿಲವಾಗುವ ಕಡೆಗೆ ತಿರುಗಿಸಿ ಹಿಡಿದು, ಇನ್ನೊಂದು ಕೈಯಿಂದ ಬೆಲ್ಟನ್ನು ಆ ಕೊನೆಯ ಪುಲ್ಲಿಯ ಮೇಲೆ ಜಾರಿಸಿ. ನಿಧಾನಕ್ಕೆ ಬಿಡಿ. ಒಳಗಿನ ಸ್ಪ್ರಿಂಗ್ ತುಂಬ ಬಲವಾದದ್ದು, ಸ್ಪ್ಯಾನರ್ ಜಾರಿದರೆ ಬೆರಳು ಜಜ್ಜಿಹೋಗುತ್ತದೆ. ಇಬ್ಬರಿದ್ದರೆ ಈ ಒಂದು ಹಂತ ಬಹಳ ಹಗುರ. ಟೆನ್ಷನರೇ ಇಲ್ಲದ, ಎಳೆದು ಕೂರಿಸುವ ಬೆಲ್ಟ್ ನಿಮ್ಮದಾದರೆ ಅದಕ್ಕೆಂದೇ ಇರುವ ಟೂಲ್ ಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ನೂಲು ಹರಿದು ಹೊಸ ಬೆಲ್ಟ್ ಅಲ್ಲೇ ಹಾಳು.

ಈಗ ಅವಸರ ಪಡದೆ ಪ್ರತಿ ಪುಲ್ಲಿಯ ಅಂಚನ್ನೂ ಬೆರಳಿನಿಂದ ಸವರಿ ನೋಡಿ. ಬೆಲ್ಟ್ ಒಂದು ಗೆರೆಯಷ್ಟು ಪಕ್ಕಕ್ಕೆ ಕೂತಿರುವುದು ಈ ಕೆಲಸದಲ್ಲಿ ಆಗಾಗ ಆಗುವ ತಪ್ಪು. ಮೇಲಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ, ಕೆಳಗಿನ ಕ್ರ್ಯಾಂಕ್ ಪುಲ್ಲಿಯಲ್ಲಿ ತಪ್ಪಿರುತ್ತದೆ. ಸ್ಟಾರ್ಟ್ ಮಾಡಿದರೆ ಅಂಚು ಹರಿದುಕೊಂಡು ಬರುತ್ತದೆ. ಕಣ್ಣು ಹೋಗದ ಕಡೆ ಚಿಕ್ಕ ಕನ್ನಡಿ ಹಿಡಿಯಿರಿ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ 2 ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ.

ಟೂಲ್‌ಗಳನ್ನೆಲ್ಲ ಹೊರಗೆ ತೆಗೆದು, ಬ್ಯಾಟರಿ ವೈರ್ ಹಾಕಿ, ಕೆಲವೇ ಸೆಕೆಂಡ್ ಸ್ಟಾರ್ಟ್ ಮಾಡಿ ಆಫ್ ಮಾಡಿ. ಬೆಲ್ಟ್ ಜಾಗ ಬಿಟ್ಟಿಲ್ಲ ತಾನೇ? ಸರಿ, ಈಗ ಹತ್ತು ನಿಮಿಷ ಓಡಲಿ. ಬ್ಯಾಟರಿ ದೀಪ ಆರಿರಬೇಕು, ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲಿರಬೇಕು, ಟೆನ್ಷನರ್ ಕುಣಿಯಬಾರದು. ಬೇರಿಂಗ್ ಬದಲಿಸಿದ್ದರೆ ಎಸಿ ಹಾಕಿ, ತೆಗೆದು ನೋಡಿ. ಕಿರುಚುವ ಸದ್ದು ಇನ್ನೂ ಬಂದರೆ ಬೆಲ್ಟಿಗೆ ಸ್ಪ್ರೇ ಹೊಡೆದು ಸುಮ್ಮನಾಗಿಸಬೇಡಿ. ಯಾವುದೋ ಪುಲ್ಲಿ ಸಾಲು ತಪ್ಪಿದೆ, ಇಲ್ಲವೇ ಟೆನ್ಷನರ್ ಸೋತಿದೆ ಎಂದು ಆ ಸದ್ದು ಹೇಳುತ್ತಿರುತ್ತದೆ. ಒಂದೆರಡು ದಿನ ಓಡಿಸಿದ ಮೇಲೆ ಮತ್ತೆ ಬಾನೆಟ್ ತೆರೆದು ಬೆಲ್ಟಿನ ಅಂಚುಗಳನ್ನು ನೋಡಿ.

ಕಂಪ್ರೆಸರ್ ಬದಲಿಸುವ ಕೆಲಸವನ್ನು ಮಾತ್ರ ಎಸಿ ಮೆಕ್ಯಾನಿಕ್‌ಗೆ ಬಿಡಿ. ಪೈಪಿನೊಳಗಿನ ಗ್ಯಾಸ್ ಒತ್ತಡದಲ್ಲಿರುತ್ತದೆ. ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಹಿಮದ ಗಾಯ ಮಾಡುತ್ತದೆ, ಗಾಳಿಗೆ ಬಿಟ್ಟರೆ ವಾತಾವರಣಕ್ಕೂ ಕೆಟ್ಟದ್ದು. ಅದನ್ನು ಮೆಷೀನ್‌ನಿಂದ ಹೊರತೆಗೆಯಬೇಕು. ಕಚ್ಚಿಕೊಂಡ ಕಂಪ್ರೆಸರ್ ಒಳಗಿನಿಂದ ಲೋಹದ ಪುಡಿ ಪೈಪುಗಳಿಗೆ ಹರಿದಿರುತ್ತದೆ. ಲೈನ್ ತೊಳೆದು ಡ್ರೈಯರ್ (ಎಸಿ ಲೈನಿನಲ್ಲಿ ತೇವ ಹೀರುವ ಭಾಗ) ಬದಲಿಸುತ್ತೀರಾ ಎಂದು ಮೊದಲೇ ಕೇಳಿ. ಬೇಕಾಗಿಲ್ಲ ಎಂದರೆ ಬೇರೆ ಮೆಕ್ಯಾನಿಕ್ ಹುಡುಕಿ, ಆ ಪುಡಿ ಹೊಸ ಕಂಪ್ರೆಸರನ್ನೂ ಉಳಿಸುವುದಿಲ್ಲ.